ತಟ್ಟಿ ನೋಡುವ ಕೆಲಸ

ಬೆರಳ ಗಿಣ್ಣಿನಿಂದ ಟೈಲು ತಟ್ಟುತ್ತಾನೆ ಎಮ್ರಿಸ್,
ಕಿವಿ ಗೋಡೆಗೆ ಕೊಟ್ಟು.
ಟಣ್, ಟಣ್, ಟಣ್.
ನಲ್ಲಿಯ ಕೆಳಗೆ ಮಾತ್ರ ಟೊಪ್.
"ಇಲ್ಲಿ ಪೊಳ್ಳು."

ನನಗೆ ನಗು ಬಂತು.
ಹದಿನಾಲ್ಕು ವರ್ಷದಿಂದ ನಾನು ಮಾಡುವುದೂ ಅದನ್ನೇ:
ಸ್ವಾನ್ಸಿಯ ಆಸ್ಪತ್ರೆಯಲ್ಲಿ, ಗಣಿಯಲ್ಲಿ ದುಡಿದ ಮುದುಕರ
ಬೆನ್ನು ತಟ್ಟಿ ಕೇಳುವುದು.
ಎದೆಗೂಡು ಪೊಳ್ಳಾಗಿ ನುಡಿದರೆ ಗಾಳಿ, ಒಳ್ಳೆಯದು.
ಮೊದ್ದಾಗಿ ನುಡಿದರೆ ನೀರು.
ಗೋಡೆಯದು ತಿರುವುಮುರುವು.

ಉಳಿ ಹೂಡಿದ.
ಬಿಳಿ ಟೈಲು ಕಿತ್ತರೆ ಹಿಂದೆ ಗುಲಾಬಿ ಟೈಲು,
ಗುಲಾಬಿ ಕಿತ್ತರೆ ಕಂದು ಹೂವಿನದು.
ಹಳೆಯದನ್ನು ಯಾರೂ ತೆಗೆದಿಲ್ಲ,
ಮೇಲೆ ಹೊಸದು ಹೊದಿಸಿ ಮನೆ ಮಾರಿ ಹೋಗಿದ್ದಾರೆ.
ಕೊನೆಗೆ ಸಿಕ್ಕ ಗಾರೆ
ನೆನೆದ ಅವಲಕ್ಕಿಯಂತೆ ಕೈಗೆ ಬಂತು.
ಕಪ್ಪು ಬೂಷ್ಟು. ಮುಗ್ಗಲು ವಾಸನೆ.
ಇಟ್ಟಿಗೆಗೆ ಉಪ್ಪಿನ ಬಿಳಿ ಮೀಸೆ.

ಇಷ್ಟಕ್ಕೆಲ್ಲ ಕಾರಣ ಯಾವುದು, ತೋರಿಸು ಅಂದೆ.
ಟಬ್ಬಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು.
ಅದನ್ನು ನಾನು ಕಂಡಿದ್ದೆ.
ಎರಡು ಚಳಿಗಾಲ ಕಂಡಿದ್ದೆ,
ಶಾಂಪೂ ಬಾಟಲಿಯನ್ನು ಅದರ ಮುಂದಕ್ಕೆ ಸರಿಸಿ ಸರಿಸಿ.

"ಒಣಗಲಿ. ಇಂಚಿಗೊಂದು ತಿಂಗಳು.
ಹೀಟರು ಹಚ್ಚಿ ಅವಸರ ಮಾಡಬೇಡಿ,
ಮುಖ ಒಣಗುತ್ತೆ, ಹೊಟ್ಟೆ ಒಣಗಲ್ಲ."
ಒಂದು ಯಂತ್ರ ಇಟ್ಟು ಹೋದ.
ರಾತ್ರಿಯಿಡೀ ಅದು ಗುಂಯ್ಯೆಂದು ಗೋಡೆ ಹೀರುತ್ತದೆ,
ಬೆಳಗ್ಗೆ ಅದರ ಡಬ್ಬಿಯಲ್ಲಿ ನಾಲ್ಕು ಲೀಟರು.
ಹೊರಗೆ ಸಮುದ್ರದ ಕಡೆಯಿಂದ ಅಡ್ಡಮಳೆ.
ಕೊಡೆ ಹಿಡಿದು ಹೋಗಿ
ಮಳೆಯಲ್ಲೇ ನೀರು ಚೆಲ್ಲಿ ಬರುತ್ತೇನೆ,
ಹಳೇ ಸಾಲದ ಕಂತು ಕಟ್ಟಿದ ಹಾಗೆ.

ನೀರು ತುಂಬುವ ಹಬ್ಬದ ದಿನ
ಹಿರಿಯೂರಿನಿಂದ ಅಕ್ಕನ ಫೋನು:
"ತುಂಬಿಸಿದ್ಯೇನೇ?"
ತುಂಬಿದೆ ಕಣೇ, ಗೋಡೆಯಿಂದಲೇ ತುಂಬಿದೆ ಅಂದೆ.
ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಲಿಲ್ಲ.
ಡಬ್ಬಿಗೊಂದು ಬೊಟ್ಟು ಇಟ್ಟೆ.

ಸ್ನಾನಕ್ಕೆ ಎದುರುಮನೆ.
ಎಂಬತ್ತೊಂದರ ಗ್ಲೆನಿಸ್, ಬೆಣ್ಣೆಹಣ್ಣಿನ ಬಣ್ಣದ ಟಬ್ಬು.
ಇನ್ನೂ ಕತ್ತಲಿರುವಾಗ ಹೆಗಲಿಗೆ ಟವೆಲು,
ಕೈಯಲ್ಲಿ ಹರಳೆಣ್ಣೆ ಬಟ್ಟಲು, ರಸ್ತೆ ದಾಟಿದೆ.
ಹಾಲಿನ ವ್ಯಾನಿನವನು ನೋಡಿಯೂ ನೋಡದಂತಿದ್ದ.
ಕಾಸು ಕೊಟ್ಟರೆ ಆಕೆ ಮುಟ್ಟುವುದಿಲ್ಲ;
ಅವತ್ತು ಎಣ್ಣೆ ಮೂಸಿ ನೋಡಿ
"ನನ್ನ ಬೆನ್ನಿಗೂ ಇಷ್ಟು" ಅಂದಳು.

ತಿಕ್ಕುತ್ತ ತಿಕ್ಕುತ್ತ
ಕೈ ತನ್ನ ಪಾಡಿಗೆ ತಾನು ತಟ್ಟಿತು.
ಎಡಕ್ಕೆ ಸರಿ. ಬಲಕ್ಕೆ ಮೇಲೆ ಸರಿ.
ಬಲಕ್ಕೆ ಕೆಳಗೆ
ಮೊದ್ದು.
ಇನ್ನೊಮ್ಮೆ ತಟ್ಟಿದೆ, ಹಬ್ಬದ ದಿನ ತಪ್ಪು ಕೇಳಿರಲಿ ಅಂತ.

"ಕೆಮ್ಮು ಯಾವಾಗಿನಿಂದ?"
"ಎರಡು ಚಳಿಗಾಲ ಆಯಿತೇನೋ. ಯಾಕೆ?"

ಈಗ ನಮ್ಮ ವಾರ್ಡಿನಲ್ಲೇ ಇದ್ದಾಳೆ, ಕಿಟಕಿ ಪಕ್ಕದ ಮಂಚ.
ಒಂದೂವರೆ ಲೀಟರು ತೆಗೆದರು.
ಉಳಿದದ್ದನ್ನು ಡಾಕ್ಟರು ನಾಳೆ ಹೇಳುತ್ತಾರಂತೆ.
ಬೀಗದ ಕೈ ನನ್ನ ಹತ್ತಿರ.
ಯಾರೂ ಇಲ್ಲದ ಮನೆಯಲ್ಲಿ ಮಿಂದು,
ಟಬ್ಬಿನ ಅಂಚು ಒರೆಸಿ,
ಬಿರುಕಿದೆಯೇ ಎಂದು ಉಗುರಾಡಿಸುತ್ತೇನೆ.

ಶನಿವಾರ ಎಮ್ರಿಸ್ ಬಂದ.
ಮೂಲೆಗೆ ಸಿಮೆಂಟು ತುಂಬಲ್ಲ, ರಬ್ಬರಿನಂಥದ್ದು ತುಂಬ್ತೀನಿ ಅಂದ,
ಅಲ್ಲಿ ಎರಡು ಗೋಡೆ ಬೇರೆ ಬೇರೆ ಅಲುಗುತ್ತವಂತೆ.
ಎರಡು ಮೊಳೆಯ ಮೀಟರು ಚುಚ್ಚಿದ.
ಹೋದ ವಾರ ಇಪ್ಪತ್ತಾರು, ಇವತ್ತು ಹದಿನೆಂಟು.
ಆಯಿತಾ? ಅಂದೆ.

ತಲೆಯಾಡಿಸಿ, ಟೀ ಕುಡಿದು ಹೋದ.