ಒಂದು ಗೇಣು ತಂತಿ

ಪೆನ್ಷನ್ ಮೊಹಲ್ಲದ ನನ್ನ ಬಾಗಿಲಿಗೆ
ಸೀರೆ ತರದೆ ಬಂದ ಗಂಡಸು ಚೌರಪ್ಪ ಒಬ್ಬನೇ.
ಅಂಗೈಯಲ್ಲಿ ಮೊಳದುದ್ದ ನೈಲಾನು.
'ನೋಡು ಮೆಹರೂ, ಯಾಕೆ ಹೋಯಿತು ಹೇಳು.'

ಜಾರಿದ ಗಂಟಿನ ತುದಿ ಸುರುಳಿ ಸುತ್ತಿರುತ್ತದೆ.
ಇದು ಸುತ್ತಿಲ್ಲ. ಬಿಳಿಚಿದೆ, ತರಿತರಿ,
ಅರದಲ್ಲಿ ಉಜ್ಜಿದ ಹಾಗೆ.
ಇಪ್ಪತ್ತೆರಡು ವರ್ಷ ಸೆರಗಿಗೆ ಕುಚ್ಚು ಕಟ್ಟಿದವಳಿಗೆ
ದಾರ ಸುಳ್ಳು ಹೇಳುವುದಿಲ್ಲ.
'ಹಲ್ಲು,' ಅಂದೆ.

ಎಸ್ಟೇಟಿನ ರೈಟರು ಊರು ಬಿಡುವಾಗ ಕೊಟ್ಟುಹೋದ ಕೋಲು ಅವನದು.
ಎರೆಹುಳುವಿಲ್ಲ, ರಾಗಿಹಿಟ್ಟಿಲ್ಲ, ಸೀಸದ ಗುಂಡಿಲ್ಲ.
ಹುಂಜದ ಪುಕ್ಕ ಸುತ್ತಿದ ಕೊಕ್ಕೆಯನ್ನು
ಹಗ್ಗದ ಭಾರದಲ್ಲೇ ಬೀಸಿ ನೀರಿಗಿಳಿಸುವ ಆಟ.
ಈಚೆಗೆ ಅವನ ಕೈ ನಡುಗುತ್ತದೆ,
ಬೀಸುವಾಗಲ್ಲ,
ಕಟ್ಟುವಾಗ.

ಹಗ್ಗಕ್ಕೂ ಪುಕ್ಕಕ್ಕೂ ನಡುವಿನದಕ್ಕೆ ಲೀಡರು ಅಂತಾರಂತೆ.
ಮುಂದೆ ಹೋಗುವುದು, ಮೊದಲು ಕಚ್ಚಿಸಿಕೊಳ್ಳುವುದು.
ನಮ್ಮ ವಾರ್ಡಿನಲ್ಲಿ ಅಂಥವರನ್ನು ನಾನು ಕಂಡಿಲ್ಲ.

ದಪ್ಪ ನೈಲಾನು ತಂದ. ಕುಚ್ಚುಮೀನಿಗೆ ಸಾಕು
(ಹೌದು, ನಾನು ಕಟ್ಟುವುದೂ ಕುಚ್ಚು, ಅವನು ಹಿಡಿಯುವುದೂ ಕುಚ್ಚು,
ಆ ತಮಾಷೆ ಅವನು ಮಾಡಿ ಮಾಡಿ ಹಳಸಿದೆ).
ಬಾಳೆಮೀನಿಗೆ ಸಾಲದು. ಅದು ಕಚ್ಚಿ ಸುಮ್ಮನಿರುವುದಿಲ್ಲ,
ತಲೆಯಾಡಿಸಿ ಆಡಿಸಿ ತೇಯುತ್ತದೆ.
ಸೈಕಲ್ ಬ್ರೇಕಿನ ಒಂದೆಳೆ ಬಿಡಿಸಿ ನೋಡಿದೆ,
ಒಮ್ಮೆ ಮುರುಟಿದರೆ ಮುರುಟಿದ್ದೇ, ಮುನಿಸಿಕೊಂಡ ನಾದಿನಿ.
ಕೊನೆಗೆ ಮಂಗಳೂರು ಬಂದರಿನಿಂದ ಬಂತು
ಏಳೆಳೆಯ ತಂತಿ, ಮೇಲೆ ಪ್ಲಾಸ್ಟಿಕ್ಕಿನ ತೊಗಲು.

'ಒಂದು ಮೊಳ ಇರಲಿ' ಅಂದ. 'ಒಂದು ಗೇಣು' ಅಂದೆ.
ಹೆಚ್ಚಾದರೆ ಪುಕ್ಕ ಹಾರುವುದಿಲ್ಲ,
ಕಲ್ಲು ತಗಲಿದ ಗುಬ್ಬಚ್ಚಿಯ ಹಾಗೆ ದೊಪ್ಪನೆ.

ತಂತಿಯನ್ನು ಹೇರ್‌ಪಿನ್ನಿನ ಹಾಗೆ ಮಡಿಚು,
ನೈಲಾನು ಒಳಗೆ ತೂರಿಸಿ ಹತ್ತು ಸುತ್ತು,
ಒಂದರ ಮೇಲೊಂದು ಏರಬಾರದು,
ಹೊಕ್ಕ ಕಡೆಯಿಂದಲೇ ಹೊರಗೆ ಬಾ.
ಬಿಗಿಯುವ ಮುಂಚೆ ಎಂಜಲು ಹಚ್ಚು.
ಒಣಗಂಟು ತನ್ನ ಬಿಸಿಗೆ ತಾನೇ ಸುಡುತ್ತದೆ.
ಮದುವೆ ಸೀರೆಗೆ ಬಾಯಿ ತಾಗಿಸಬೇಡ ಅಂದವರ ಮನೆಗೂ
ಈ ಬಾಯಲ್ಲೇ ನೆನೆದ ರೇಷ್ಮೆ ಹೋಗಿದೆ.
ಒಂದೂ ಬಿಚ್ಚಿ ವಾಪಸು ಬಂದಿಲ್ಲ.

ಪುಕ್ಕದ ಕಡೆ ಬಿಗಿ ಬೇಡ, ಕುಣಿಕೆ ಸಾಕು.
ಬಿಗಿದದ್ದು ತಂತಿಯ ಮಾತು ಕೇಳುತ್ತದೆ,
ಕುಣಿಕೆಯಲ್ಲಿದ್ದದ್ದು ನೀರಿನ ಮಾತು.

ಆಮೇಲೆ ಅವನಿಗೆ ಹಿಡಿಸದ ಮಾತೊಂದು ಹೇಳಿದೆ:
ನಡುವೆ ಎಲ್ಲೋ ಒಂದು ಮೊಳ ತೆಳ್ಳಗಿರಲಿ.
ಹರಿಯಲೇಬೇಕಾದರೆ ಎಲ್ಲಿ ಎಂದು ನಾವೇ ಗೊತ್ತು ಮಾಡೋಣ,
ಇಲ್ಲದಿದ್ದರೆ ಹಗ್ಗ ಹೋಗುತ್ತದೆ, ಕೋಲೂ ಹೋಗುತ್ತದೆ.
'ನೀನು ನನ್ನ ಕಡೆಯೋ ಮೀನಿನ ಕಡೆಯೋ?'
'ಗಂಟಿನ ಕಡೆ.'

ಭಾನುವಾರ ಅವನ ಲಗೇಜ್ ಆಟೋದಲ್ಲಿ
ಗೊರೂರಿನ ಹಿನ್ನೀರಿಗೆ ಹೋದೆವು.
ಬುರ್ಖಾ ಮೊಣಕಾಲಿಗೆ ಎತ್ತಿ, ಚಪ್ಪಲಿ ಕೈಯಲ್ಲಿ ಹಿಡಿದು
ಕೆಸರಲ್ಲಿ ನಿಂತೆ. ಅವನು ಬೀಸಿದ.
ನಿಜ ಹೇಳಬೇಕು, ಚಂದವಿತ್ತು,
ಹಗ್ಗ ಆಕಾಶದಲ್ಲಿ ಒಮ್ಮೆ ಯೋಚಿಸಿ ಆಮೇಲೆ ಇಳಿಯುತ್ತಿತ್ತು.

ಹನ್ನೊಂದು ಗಂಟೆಗೆ ನೀರು ಒಳಗಿನಿಂದ ಬಾಗಿಲು ಒದ್ದಿತು.
ಕೋಲು ಬಾಗಿ ಬಾಗಿ ನೀರು ಮುಟ್ಟಿತು,
ಚೌರಪ್ಪ 'ಮಾತಾಯಿ, ಮಾತಾಯಿ' ಅಂದ,
ಮೀನು ಮುಳುಗಿದ ಮರದ ಬೊಡ್ಡೆಯ ಕಡೆ ತಿರುಗಿತು.
ಟಕ್.

ಸುತ್ತಿ ತಂದು ತುದಿ ನೋಡಿದೆವು.
ತಂತಿಯ ಗಂಟು ಇಲ್ಲ, ಹಲ್ಲಿನ ತರಿಯೂ ಇಲ್ಲ.
ನಾನು ಗೊತ್ತು ಮಾಡಿದ ಕಡೆಯೇ, ಗೆರೆ ಎಳೆದ ಹಾಗೆ.
ಅವನು ಬೀಡಿ ಹಚ್ಚಿ ಆ ಕಡೆ ಮುಖ ಮಾಡಿ ಕೂತ.
ಗೆದ್ದವಳಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನೀರಡಿಯಲ್ಲಿ ಈಗ ಒಂದು ತುಟಿಗೆ
ನನ್ನ ಗಂಟು, ನನ್ನ ಅಂಗಳದ ಹುಂಜದ ಪುಕ್ಕ, ಗೇಣು ತಂತಿ.
ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಅಮುಕಿದ್ದೆ,
ನಾಲ್ಕು ದಿನಕ್ಕೆ ಉದುರೀತು.
ಗಂಟು ಬಿಚ್ಚದಿರಲಿ ಎಂದೇ ಇಷ್ಟು ವರ್ಷ ಬೇಡಿದವಳು
ದಾರಿಯುದ್ದಕ್ಕೂ ಬೇರೆ ಏನೋ ಬೇಡಿಕೊಂಡೆ.

ಸೋಮವಾರ ಹೊಳೆನರಸೀಪುರದ ಸೀರೆ, ಗಿಳಿಹಸಿರು,
ನೂರಾ ಹನ್ನೆರಡು ಕುಚ್ಚು, ಗುರುವಾರಕ್ಕೆ ಬೇಕಂತೆ.
ಮೊದಲ ಎಳೆ ಬಾಯಿಗಿಟ್ಟೆ.
ಕೆಸರಿನ ರುಚಿ.