ಮೂಲಿ ನೀರು

ಹಲ್ಲಿನ ಡಾಕ್ಟರು ಬೆಟಗೇರಿ ಬಿಟ್ಟು ಹೋಗೂವಾಗ
ಗಾಜಿನ ತೊಟ್ಟಿ ನನ್ನ ಪಾಲಿಗೆ ಬಂತು.
ಮೂರು ಫೂಟು ಉದ್ದ, ಒಳಗ ಹನ್ನೊಂದು ಮೀನ,
ಒಂದು ಸಣ್ಣ ಪಂಪು, ಒಂದು ಪ್ಲಾಸ್ಟಿಕ್ಕಿನ ಕ್ವಾಟಿ.
"ಯಮನೂರಪ್ಪ, ನೀರಿನ ಮನಶ್ಯಾ ನೀ,
ನಿನಗ ಹೇಳೂದೇನೈತಿ" ಅಂದ್ರು.
ನಿಂಬೆವ್ವ ಹೊಲಿಗಿ ಮಷಿನ್ನು ಸರಿಸಿ ಜಾಗ ಮಾಡಿದ್ಲು,
ಏರಿಸಿದ ಹುಬ್ಬು ಮಾತ್ರ ಇಳಸಲಿಲ್ಲ.

ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟಾಂವ ನಾ.
ಸೈಕಲ್ಲು, ಹೆಗಲ ಮ್ಯಾಲ ಕಬ್ಬಿಣದ ಕೀಲಿ,
ನಸಕಿನ್ಯಾಗ ಕುಣಿಯೊಳಗ ಬಗ್ಗಿ ಎಣಿಸಿ ತಿರುವೂದು:
ನಮ್ಮ ಓಣಿಗೆ ಹನ್ನೆರಡು ಸುತ್ತು,
ಮಗ್ಗದ ಓಣಿಗೆ ಏಳೂವರಿ.
ಪೈಪಿಗೆ ಕಿವಿ ಹಚ್ಚಿದರ ಸಾಕು,
ನೀರು ಯಾರ ಮನಿ ದಾಟೇತಿ ಅಂತ ತಿಳೀತಿತ್ತು.

ತೊಟ್ಟಿ ಮುಂದ ಕುಂತ ಎಂಟನೇ ದಿನಕ್ಕ ಕಂಡಿತು:
ಪಂಪಿನ ಬದಿಗೆ ನೀರು ಹಬ್ಬ ಮಾಡತೈತಿ,
ಕ್ವಾಟಿ ಹಿಂದಿನ ಎಡಮೂಲ್ಯಾಗ ಮಿಸುಕಾಡೂದಿಲ್ಲ.
ತಿಂದು ಬಿಟ್ಟ ಕಾಳು, ಕೊಳತ ಎಲಿ, ಮೀನಿನ ಹೊಲಸು,
ಎಲ್ಲಾ ಅಲ್ಲೇ ಠಾವು ಹಿಡದು ಕುಂತಿತ್ತು.
ಬೆಳಿಗ್ಗೆದ್ದು ನೋಡಿದರ ಮೀನ
ಮ್ಯಾಲ ಬಂದು ಬಾಯಿ ತಗದು ನಿಂತಿರತಿದ್ದವು.

ಈ ಮೂಲಿ ಗೊತ್ತಿತ್ತು ನನಗ.
ಅದರ ಹೆಸರೂ ಗೊತ್ತಿತ್ತು: ತುಳಸವ್ವ ಬಾರಕೇರ,
ಏರಿನ ಮ್ಯಾಲಿನ ಕೊನೀ ಮನಿ.
ಹನ್ನೆರಡು ದಿನಕ್ಕೊಮ್ಮೆ ನೀರು ಬಿಟ್ಟರ
ಆಕಿ ನಳಕ್ಕ ಬರತಿದ್ದದ್ದು ಗಾಳಿ.
ಕೊಡ ಹಚ್ಚಿ ಕುಂತಿರತಿದ್ಲು, ಬೈಯಲಿಲ್ಲ.
"ಇವತ್ತ ಬಿಸಿ ಗಾಳಿ ಬಂತೋ ಯಪ್ಪಾ,
ಮುಂದಿನ ಸಲ ತಂಪಂದು ಬಿಡು."
ನಾ ಎರಡು ಸುತ್ತು ಹೆಚ್ಚಿಗಿ ತಿರುವಿದರ
ಕೆಳಗಿನ ಓಣ್ಯಾಗ ಮೋಟರು ಗುಂಯ್ ಅಂತಿದ್ದವು.

ಮೊದಲ ಪಂಪಿನ ಜಾಲರಿ ತೊಳದೆ,
ಲೋಳಿ ಮೆತಗೊಂಡು ಉಸಿರು ಕಟ್ಟಿತ್ತು ಅದಕ್ಕ.
ಕ್ವಾಟಿ ಕಿತ್ತು ಹಿತ್ತಲಕ್ಕ ಒಗದೆ.
ಕಲ್ಲು ಗಾಜಿನಿಂದ ಎರಡು ಬೆರಳು ಈಚೆಗೆ ತಂದೆ,
ನೀರಿಗೂ ಒಂದು ಸಂದಿ ಬೇಕಲ್ಲ ಹಾಯಾಕ.
ಅಡ್ಡ ಕುಂತಿದ್ದ ಪಂಪನ್ನ ಉದ್ದಕ್ಕ ಹೊಳ್ಳಿಸಿ
ಮೂತಿ ಒಂದೀಟು ಮ್ಯಾಲೆತ್ತಿದೆ,
ನೀರಿನ ಚರ್ಮ ನಡುಗೂವಷ್ಟು.
ಚಿಟಿಕಿ ಕಾಳಿನ ಪುಡಿ ಉದುರಿಸಿ ಬ್ಯಾಟ್ರಿ ಬಿಟ್ಟು ನೋಡಿದೆ.
ಹೊಂಟವು. ಆ ತುದಿ ಗಾಜಿಗೆ ಬಡದು ಕೆಳಗಿಳದವು,
ಉಸುಕಿನ ಮ್ಯಾಲ ತೆವಳಿ ಎಡಮೂಲಿಗೆ ಬಂದು
ನಿಂತವು.
ಮತ್ತ ಹೊಂಟವು!

ರಾತ್ರಿ ಹನ್ನೊಂದಕ್ಕ ನಾ ಚೀರಿದ್ದಕ್ಕ ನಿಂಬೆವ್ವ ಎದ್ದು ಬಂದ್ಲು.
"ಕೊನೀ ಮನಿಗೆ ಮುಟ್ಟಿತು ನೋಡ."
"ಯಾರ ಮನಿಗೆ?" ಅಂದು ಹೋಗಿ ಮಕ್ಕೊಂಡ್ಲು.

ಮುಂಜಾನೆ ಮೀನ ಕೆಳಗಿಳದು ಆಡಾಕತ್ತಿದ್ದವು.
ಒಂದು ಬಿಟ್ಟು.
ನೀಲಿ ಫೈಟರು, ಡಾಕ್ಟರ ಕಾಲದ ಮುದುಕ,
ಒದ್ದಿ ಧೋತರದಂಥಾ ರೆಕ್ಕಿ ಎಳಕೊಂಡು
ಎಲಿಗೆ ಆತು ನಿಂತು ತೇಕತಿತ್ತು.
ಆ ಮೂಲ್ಯಾಗ ಯಾರೋ ಇರತಿದ್ರು ಅಂತ
ನನ್ನ ತಲಿಗೆ ಹೊಳದಿರಲಿಲ್ಲ.
ನಿಂಬೆವ್ವ ಏನೂ ಅನ್ನಲಿಲ್ಲ, ಮಾಳಿಗಿಗೆ ಹೋಗಿ
ಒಡದ ಹಂಚೊಂದು ತಂದು ತೊಳದು
ಹರಿವಿಗೆ ಅಡ್ಡ ನಿಲ್ಲಿಸಿದ್ಲು.
ನಾ ಪಂಪು ಅರ್ಧ ಸುತ್ತು ಇಳಿಸಿದೆ.
ಮುದುಕ ಹಂಚಿನ ಮರಿಗೆ ಸೇರಿದ,
ಅವನ ಹಿಂದ ನೀರು ಮೆಲ್ಲಕ ಬಳಸಿ ಹೋತು.

ಈಗ ಐತವಾರಕ್ಕೊಮ್ಮೆ ಕಾಲುಭಾಗ ನೀರು ತಗೀತೇನಿ,
ಅದು ಕರಿಬೇವಿಗೆ. ಹೊಸಾದು ಒಂದಿನ ಕೊಡದಾಗ ಕುಂತು
ಔಷಧಿ ವಾಸನಿ ಕಳಕೊಂಡು ತೊಟ್ಟಿಗೆ.
ಇವತ್ತ ನಳ ಬರೂ ದಿನ.
ಓಣಿ ತುದಿಗೆ ಹೊಸಾ ಹುಡುಗ ಕೀಲಿ ತಿರುವೂ ಸಪ್ಪಳ,
ಕೂತಲ್ಲೇ ಎಣಿಸಿದೆ: ಒಂಬತ್ತು, ಹತ್ತು, ಹನ್ನೊಂದು...
ನಿಲ್ಲಿಸಿಬಿಟ್ಟ.
"ಇನ್ನೊಂದು ಸುತ್ತೈತಿ ತಮ್ಮಾ" ಅನ್ನಾಕ
ಬಾಗಲಕ್ಕ ಬರೂದರೊಳಗ
ಅವನ ಬೈಕು ಏರಿನ ಕಡೆ ಹೊಳ್ಳಿತ್ತು.