ಒಂದನ್ನು ಮಾತ್ರ ಅಳಿಸಬಹುದು

ಬಳೇಪೇಟೆಯ ಆ ಅಂಗಡಿಯ ಷಟರು ಅರ್ಧ ಎದ್ದು ಅಲ್ಲೇ ಸಿಕ್ಕಿಕೊಂಡಿತ್ತು.
ಬಗ್ಗಿ ಒಳಗೆ ಹೋದೆ. ಮಾಸ್ಕಿನೊಳಗೆ ನನ್ನದೇ ಉಸಿರು,
ಆಚೆ ಸುಟ್ಟ ಮಖಮಲ್ಲಿನ ವಾಸನೆ.

ಯಮುನಾಬಾಯಿ ಪಿಸ್ಸೆ ಸ್ಟೂಲು ಒರೆಸಿ ಕೊಟ್ಟರು.
‘ನಮ್ಮ ಮಾವನೋರ ಕಾಲದ್ದು, ಡ್ರಾಮಾ ಡ್ರೆಸ್ಸು ಬಾಡಿಗೆಗೆ.
ನೀವೂ ಸ್ಕೂಲಲ್ಲಿ ಏನೋ ಒಂದು ಆಗಿರ್ತೀರಲ್ಲ?’
ಆಗಿದ್ದೆ. ಬದನೆಕಾಯಿ. ಹೇಳಲಿಲ್ಲ;
ಬದನೆಕಾಯಿ ಆಗಿದ್ದವನ ಸರ್ವೇ ವರದಿಗೆ ತೂಕವಿರುವುದಿಲ್ಲ.

ಪಟ್ಟಿ ಮಾಡಿದೆ.
ಕಿರೀಟ ಇಪ್ಪತ್ತಾರು, ಹೊಗೆ ಹಿಡಿದದ್ದು ಒಂಬತ್ತು.
ಗದೆ ಏಳು, ಒಳಗೆ ಟೊಳ್ಳು, ಎಲ್ಲ ಕ್ಷೇಮ.
ಓಬವ್ವನ ಸೀರೆ ಹನ್ನೊಂದೂ ಬೂದಿ; ಒನಕೆಗಳು ಉಳಿದಿವೆ.
ಕಾರಣ: ಮೇ ತಿಂಗಳಲ್ಲಿ ಇಲಿ ಕಡಿದ ವೈರು,
ನೋಡುವವರಿಲ್ಲದ ಬೀದಿಯಲ್ಲಿ ಒಂದು ಕಿಡಿ.

ಬಟ್ಟೆಗೆ ಹಣ ಬರುತ್ತದೆ, ಸವಕಳಿ ಕಳೆದು.
ಅದು ಅವರಿಗೂ ಗೊತ್ತಿತ್ತು. ಬೆರಳಿಟ್ಟದ್ದು
ಪಾಲಿಸಿಯ ಹದಿನಾಲ್ಕನೇ ಪುಟದ ಮೇಲೆ:
ವ್ಯಾಪಾರ ನಿಂತರೆ ನಷ್ಟ ತುಂಬಿಕೊಡುವ ಮಾತು.
ಒಂಬತ್ತು ವರ್ಷ ಅದಕ್ಕೆಂದೇ ಬೇರೆ ಕಂತು.
‘ನಿಂತಿದೆ ಸಾರ್. ನಿಂತಿಲ್ಲ ಅಂತೀರಾ?’

ನಿಂತಿದೆ. ಪಕ್ಕದ ಹಾರ್ಮೋನಿಯಂ ರಿಪೇರಿಯವನ ತಿದಿಯೂ
ಉಸಿರೆಳೆದುಕೊಂಡು ಹಾಗೇ ನಿಂತಿದೆ.
ಆದರೆ ಕಲಂ ಕೇಳುವುದು ಅದನ್ನಲ್ಲ.
ಬೆಂಕಿ ಬೀಳದಿದ್ದ ಊರೊಂದನ್ನು ಕಲ್ಪಿಸಿಕೋ, ಅನ್ನುತ್ತದೆ,
ಅಲ್ಲಿ ಇವರು ಎಷ್ಟು ಗಳಿಸುತ್ತಿದ್ದರೋ ಅದೇ ನಷ್ಟ.
ಕಾನೂನು ಒಮ್ಮೊಮ್ಮೆ ನಮ್ಮಂಥವರನ್ನೂ ಕತೆ ಕಟ್ಟಲು ಕೂರಿಸುತ್ತದೆ.

ಕಟ್ಟಿದೆ.
ನನ್ನ ಬಳೇಪೇಟೆಯಲ್ಲಿ ಇಲಿ ಹಸಿದೇ ಮಲಗಿತು.
ಸೀರೆ ಹನ್ನೊಂದೂ ಹ್ಯಾಂಗರಿನಲ್ಲಿ, ಇಸ್ತ್ರಿ ಕೆಡದೆ.
ಷಟರು ಮಾತ್ರ ಇಳಿದೇ ಇದೆ.
ಶಾಲೆಗಳಿಗೆ ಬೀಗ, ಕಲಾಕ್ಷೇತ್ರದ ಮೆಟ್ಟಿಲ ಮೇಲೆ ನಾಯಿ,
ಮೂಲೆಯಲ್ಲಿ ಕುರ್ಚಿ ಹಾಕಿಕೊಂಡ ಪೇದೆ, ಅವನ ಲಾಠಿ.
ಗಿರಾಕಿ ಇಲ್ಲ. ಗಳಿಕೆ ಇಲ್ಲ.
ಬೆಂಕಿಯಿಂದ ನಿಂತ ವ್ಯಾಪಾರ: ಸೊನ್ನೆ.

ಹೇಳಿದೆ. ಅವರು ಸ್ವಲ್ಪ ಹೊತ್ತು
ಒಂದು ಕಿರೀಟದ ಮಸಿಯನ್ನು ಸೆರಗಿನಿಂದ ತಿಕ್ಕಿದರು.
‘ಬೆಂಕಿ ಅಳಿಸಿದಿರಲ್ಲ ಮನಸ್ಸಲ್ಲಿ,
ಕೊರೊನಾನೂ ಅಳಿಸಿ ನೋಡಿ.
ಅಳಿಸೋದು ಹೇಗೂ ಪುಗಸಟ್ಟೆ.’

ಒಂದನ್ನು ಮಾತ್ರ ಅಳಿಸಬಹುದು, ಅಂದೆ.
ಇನ್ನೊಂದಕ್ಕೆ ಅಪ್ಪಣೆಯಿಲ್ಲ. ರೋಗ ನಿಮ್ಮ ಪಾಲಿಸಿಯೊಳಗಿಲ್ಲ;
ರೋಗಕ್ಕೆ ಗೋಡೆ ಕಪ್ಪಾಗುವುದಿಲ್ಲ, ಫೋಟೋದಲ್ಲಿ ಬರುವುದಿಲ್ಲ.

‘ಅಂದ್ರೆ ರೋಗ, ಕೊಡುವಾಗ ಇಲ್ಲ.
ಕಳೆಯುವಾಗ ಇದೆ.’

ಇಪ್ಪತ್ತೆರಡು ವರ್ಷದಿಂದ ಈ ಕಲಮಿನ ಮೇಲೆ
ವಕೀಲರು ಬರೆದದ್ದನ್ನು ಮಣಗಟ್ಟಲೆ ಓದಿದ್ದೇನೆ,
ಯಾರೂ ಇಷ್ಟು ಗಿಡ್ಡಕ್ಕೆ ಮುಗಿಸಿರಲಿಲ್ಲ.
ಷರಾ ಅನ್ನುವ ಕಡೆ ಹಾಗೇ ಬರೆದುಕೊಂಡೆ,
ಆಮೇಲೆ ಹೊಡೆದುಹಾಕಿದೆ.

ಏಳುವಾಗ ಬಾಡಿಗೆ ಲೆಡ್ಜರು ತಂದರು, ಅಂಚು ಸುಟ್ಟದ್ದು.
ಕೊನೆಯ ಸಾಲು, ಮಾರ್ಚ್ ಏಳು, ಹನುಮಂತನಗರದ ಶಾಲೆ:
ಹುಲಿ ಒಂದು, ಬಾಲ ಸಮೇತ. ವಾಪಸ್ ಬಂದಿಲ್ಲ.
‘ಇದನ್ನ ಬೆಂಕಿ ಲೆಕ್ಕಕ್ಕೆ ಸೇರಿಸಬೇಡಿ ಸಾರ್,
ಅದು ಸುಟ್ಟಿಲ್ಲ.’

ಮೈಸೂರು ಬ್ಯಾಂಕ್ ಸರ್ಕಲ್ಲಿನ ಸಿಗ್ನಲ್ಲು
ಯಾರಿಗೂ ಅಲ್ಲದೆ ಕೆಂಪಾಯಿತು. ನಿಂತೆ.
ಸೊನ್ನೆ ಬರೆದ ಕೈ ಸ್ಯಾನಿಟೈಸರ್ ನಾರುತ್ತಿತ್ತು.
ಎಲ್ಲೋ ಎರಡನೇ ಮಹಡಿಯಲ್ಲಿ ಒಂದು ಮಗು
ಮೂರು ತಿಂಗಳಿಂದ ಹುಲಿಯಾಗಿಯೇ ಅನ್ನ ತಿನ್ನುತ್ತಿರಬಹುದು,
ಬಾಲವನ್ನು ಕುರ್ಚಿಯ ಸಂದಿಯಲ್ಲಿ ಇಳಿಬಿಟ್ಟು.
ದಿನದ ಬಾಡಿಗೆ ನಲವತ್ತು ರೂಪಾಯಿ.
ಏರುತ್ತಲೇ ಇದೆ.